ವಿಕ್ಲೋ ಗ್ಯಾಪಿನಲ್ಲಿ ಎಡಗೈ

ಯಾರಿಗಾದರೂ ಏನಾದರೂ ಕೊಡುವ ಮೊದಲು ನನ್ನ ಕಾಲುಗಳನ್ನು ನಾನೇ ನೋಡಿಕೊಳ್ಳುವ ಅಭ್ಯಾಸವೊಂದು ಇತ್ತೀಚೆಗೆ ನನಗೆ ಅಂಟಿಕೊಂಡಿದೆ. ಮೊನ್ನೆ ಡಬ್ಲಿನ್ನಿನ ಸ್ಯಾಂಟ್ರಿಯ ನಮ್ಮ ಆಫೀಸಿನ ಅಡುಗೆಕೋಣೆಯಲ್ಲಿ ಪಕ್ಕದ ಟೀಮಿನ ಹುಡುಗಿ ಚಮಚ ಕೇಳಿದಳು. ಚಮಚ ತೆಗೆದುಕೊಂಡೆ, ಕೈ ಚಾಚಿದೆ, ಅಲ್ಲೇ ನಿಂತುಬಿಟ್ಟೆ. ಎರಡೂ ಕಾಲು ಇದ್ದಲ್ಲೇ ಇವೆಯೇ ಎಂದು ಬಗ್ಗಿ ನೋಡಿದೆ. ಅವಳೂ ಬಗ್ಗಿ ನೋಡಿದಳು. ನೆಲದ ಮೇಲೆ ಏನೂ ಇರಲಿಲ್ಲ. "ಯು ಓಕೆ, ಸುಮಾ?" ಎಂದು ಚಮಚವನ್ನು ನನ್ನ ಬೆರಳುಗಳಿಂದ ಮೆಲ್ಲನೆ ಬಿಡಿಸಿಕೊಂಡು ಹೋದಳು. ಐವತ್ತು ಹತ್ತಿರವಾದ ಹೆಂಗಸಿಗೆ ಏನೇನೋ ಆಗುತ್ತದೆ ಎಂದುಕೊಂಡಿರಬೇಕು.

ಆಗಿರುವುದು ಇಷ್ಟೇ. ಕಳೆದ ಮೇ ತಿಂಗಳ ಒಂದು ಭಾನುವಾರ, ಡಬ್ಲಿನ್ನಿನ ದಕ್ಷಿಣಕ್ಕಿರುವ ವಿಕ್ಲೋ ಬೆಟ್ಟಗಳ ನೆತ್ತಿಯಲ್ಲಿ, ನಾನು ಒಂದು ಹೆಜ್ಜೆ ಮುಂದಿಟ್ಟೆ. ಒಂದೇ ಹೆಜ್ಜೆ. ಆ ಹೆಜ್ಜೆಯನ್ನು ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಒಗ್ಗರಣೆಗೆ ಸಾಸಿವೆ ಸಿಡಿಯುವುದನ್ನು ನೋಡುತ್ತಾ ನಿಂತಾಗ ಇನ್ನೂ ಹಿಂದಕ್ಕೆ ಇಡುತ್ತಲೇ ಇದ್ದೇನೆ.

ಅದನ್ನು ಹೇಳಬೇಕಾದರೆ ನಮ್ಮ ಅಜ್ಜಿಯಿಂದ ಶುರು ಮಾಡಬೇಕು. ನಾನು ಹುಟ್ಟಾ ಎಡಚಿ. ತುಮಕೂರಿನ ನಮ್ಮ ಮನೆಯಲ್ಲಿ ಇದು ಬಹಳ ದಿನ ಗುಟ್ಟಾಗಿ ಉಳಿಯಲಿಲ್ಲ. ಮೊದಲ ಸಲ ತಟ್ಟೆಗೆ ಎಡಗೈ ಹಾಕಿದ ದಿನವೇ ಅಜ್ಜಿ ನನ್ನ ಶಿಕ್ಷಣವನ್ನು ವಹಿಸಿಕೊಂಡರು. ಊಟಕ್ಕೆ ಕೂರುವಾಗ ನನ್ನ ಎಡಗೈಯನ್ನು ಲಂಗದ ಸೊಂಟಪಟ್ಟಿಗೆ ಸಿಕ್ಕಿಸಿ ಕೂರಿಸುತ್ತಿದ್ದರು. ಪಕ್ಕದ ಮನೆಗೆ ಕೊಬ್ಬರಿಮಿಠಾಯಿ ಕೊಟ್ಟು ಬಾ ಎಂದು ಕಳಿಸಿದರೆ ಬಾಗಿಲಲ್ಲೇ ನಿಂತು ಕೂಗುತ್ತಿದ್ದರು: "ಯಾವ ಕೈಲೇ ಕೊಡೋದು?" ನಾನು ರಸ್ತೆಯಲ್ಲಿ ನಿಂತು ಎರಡೂ ಕೈ ನೋಡಿಕೊಂಡು, ಯಾವುದು ನನಗೆ ಸುಲಭವೋ ಅದು ತಪ್ಪು ಎಂಬ ಲೆಕ್ಕದಲ್ಲಿ ಬಲಗೈ ಎತ್ತುತ್ತಿದ್ದೆ. ಮುಂದೆ ಎಂಜಿನಿಯರಿಂಗ್ ಓದಿದೆ, ಮೆಕ್ಯಾನಿಕ್ಸಿನಲ್ಲಿ ಒಳ್ಳೆಯ ಅಂಕವನ್ನೇ ತೆಗೆದೆ. ಆದರೆ ಎಡ ಬಲದ ವಿಷಯದಲ್ಲಿ ನನ್ನ ವಿದ್ಯಾಭ್ಯಾಸ ಆ ಬಾಗಿಲ ಬಳಿಯೇ ಮುಗಿದಿತ್ತು.

ಅಜ್ಜಿ ಕಲಿಸಿದ್ದನ್ನು ನಾನು ಭದ್ರವಾಗಿ ಐರ್ಲೆಂಡಿಗೆ ತಂದು ಮಗಳಿಗೆ ಕಲಿಸಿದೆ. ಮೇಧಾ ಹುಟ್ಟಿದ್ದು ಡಬ್ಲಿನ್ನಿನಲ್ಲಿ, ಬೆಳೆಯುತ್ತಿರುವುದು ಅದರ ಹೊರವಲಯದ ಕ್ಯಾಸಲ್‌ನಾಕ್‌ನಲ್ಲಿ. ಈಗ ಹದಿನೇಳು. ಕನ್ನಡ ಎಲ್ಲವೂ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಪಕ್ಕದ ಮನೆಯ ಮಕ್ಕಳ ರಾಗದಲ್ಲಿ. ಅವಳ ಮಾತನ್ನು ಇಲ್ಲಿ ಬಹುಪಾಲು ನಾನೇ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಬೈಗುಳ ಬಂದ ಕಡೆ ಮಾತ್ರ ಬಿಟ್ಟಿದ್ದೇನೆ. ಅವಳಿಗೆ ಎರಡು ವರ್ಷ ತುಂಬಿದಾಗಿನಿಂದ ಬಿಸ್ಕತ್ತು ಹಿಡಿದು "ಬಲಗೈ, ಪುಟ್ಟಾ, ಬಲಗೈ" ಎಂದು ಎಷ್ಟು ಸಲ ಹೇಳಿದ್ದೇನೋ. ಒಂದು ಸಲ ಅವಳ ಟೀಚರ್ ಕೇಳಿದ್ದರು, ತಾವು ಹೋಮ್‌ವರ್ಕ್ ವಾಪಸ್ ಕೊಟ್ಟರೆ ಮೇಧಾ ಪೆನ್ಸಿಲ್ ಕೆಳಗಿಟ್ಟು ಆ ಬಲಗೈಯಲ್ಲೇ ತಗೊಳ್ತಾಳಲ್ಲ, ಯಾಕೆ ಎಂದು. ನನಗೆ ಹೆಮ್ಮೆಯಾಗಿತ್ತು.

ಈ ಹುಡುಗಿಗೆ ಹದಿಮೂರನೆಯ ವಯಸ್ಸಿನಲ್ಲಿ ಸೈಕಲ್ ಹುಚ್ಚು ಹಿಡಿಯಿತು. ನನ್ನ ಸೈಕಲ್ ಜ್ಞಾನವೆಲ್ಲ ತುಮಕೂರಿನ ಬಾಡಿಗೆ ಸೈಕಲ್ ಅಂಗಡಿಯದು. ಸೀಟು ಎಟುಕದೆ, ಬಾರಿನ ಕೆಳಗೆ ಕಾಲು ತೂರಿಸಿ, ಸೊಟ್ಟಗೆ ನೇತಾಡುತ್ತಾ ತುಳಿಯುತ್ತಿದ್ದೆವು. ಬ್ರೇಕೆಂದರೆ ನಮ್ಮ ಚಪ್ಪಲಿ. ಮೇಧಾಳ ಸೈಕಲ್ಲನ್ನು ಒಂದು ಬೆರಳಲ್ಲಿ ಎತ್ತಬಹುದು. ಆಯುಧಪೂಜೆಗೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆ. ಮುಂದಿನ ವಾರ ಸೈಕಲ್ ಅಂಗಡಿಯವನು ಹ್ಯಾಂಡಲ್ ಬಿಚ್ಚಿ ನೋಡಿ, ಒಳಗೆ ತುಕ್ಕು ಬಂದಿದೆ ಎಂದು ಗಾಬರಿಯಾದನಂತೆ. ತುಕ್ಕಲ್ಲ, ಕುಂಕುಮ. "ಅಮ್ಮಾ, ನೆಕ್ಸ್ಟ್ ಇಯರ್ ಪೂಜೆ ಓನ್ಲಿ ಔಟ್‌ಸೈಡ್" ಎಂದು ತಾಕೀತಾಯಿತು.

ಇನ್ನು ಗ್ಯಾಪು. ಇಲ್ಲಿನವರು ಬೆಟ್ಟಸಾಲಿನ ನಡುವೆ ರಸ್ತೆ ನುಸುಳುವ ಕಣಿವೆಯ ತಲೆಗೆ ಗ್ಯಾಪ್ ಎನ್ನುತ್ತಾರೆ. ವಿಕ್ಲೋ ಗ್ಯಾಪ್ ಎಂದರೆ ಸೈಕಲ್ಲಿನವರ ಧ್ವನಿ ಇಳಿಯುತ್ತದೆ, ನಮ್ಮಲ್ಲಿ ದೊಡ್ಡ ದೇವರ ಹೆಸರು ಹೇಳುವಾಗ ಇಳಿಯುವಂತೆ. ಬೇರೆ ಬೇರೆ ದೇಶದವರು ಸ್ಪರ್ಧಿಸಿದ ದೊಡ್ಡ ರೇಸುಗಳೆಲ್ಲ ಇದನ್ನು ದಾಟಿ ಹೋಗಿವೆ. ಯಾವ ವರ್ಷದ್ದೋ ಯಾರದೋ ಹೆಸರು, ಅಭಿಮಾನಿಗಳು ಬಿಳಿ ಬಣ್ಣದಲ್ಲಿ ಬರೆದದ್ದು, ಡಾಂಬರಿನ ಮೇಲೆ ಅರ್ಧ ಅಳಿಸಿ ಉಳಿದಿದೆ. ತುದಿಯಲ್ಲಿ ಒಂದು ಗೆರೆ. ಅದನ್ನು ಮೊದಲು ದಾಟಿದವರಿಗೆ ಬೇರೆ ಅಂಕ, ಬೇರೆ ಗೌರವ. ಮೊದಲ ಸಲ ಹೋದಾಗ ಇದರ ಎತ್ತರ ಎಷ್ಟು ಎಂದು ಕೇಳಿದೆ. ಐನೂರು ಮೀಟರಿಗೆ ಸ್ವಲ್ಪ ಕಡಿಮೆ ಎಂದರು. ನನಗೆ ನಗು ತಡೆಯಲಾಗಲಿಲ್ಲ. ಈ ಶಿಖರಕ್ಕಿಂತ ನಮ್ಮ ತುಮಕೂರಿನ ಬಸ್‌ಸ್ಟ್ಯಾಂಡು ಎತ್ತರದಲ್ಲಿದೆ! ಹಾಗೆ ನೋಡಿದರೆ ನನ್ನ ಬಾಲ್ಯವಿಡೀ ಪರ್ವತಾರೋಹಣವೇ. ಆದರೆ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಆ ಗಾಳಿ ಇಲ್ಲ. ಗ್ಯಾಪಿನ ಮೇಲಿನ ಗಾಳಿ ಮನುಷ್ಯರನ್ನು ಗುರುತಿಟ್ಟುಕೊಂಡು ಬೀಸುತ್ತದೆ. ಕೋಟಿನ ಯಾವ ಗುಂಡಿ ಸಡಿಲ ಎಂದು ಅದಕ್ಕೆ ಗೊತ್ತಿರುತ್ತದೆ.

ಅಲ್ಲಿ ನನಗೆ ಪರಿಚಯವಾದವರು ಡೆಕ್ಲನ್. ಮೇಧಾಳ ಕ್ಲಬ್ಬಿನ ಹಿರಿಯರು, ಎಪ್ಪತ್ತು ದಾಟಿದವರು, ಒಂದು ಕಾಲದಲ್ಲಿ ಸ್ವತಃ ರೇಸಿಗೆ ಇಳಿದವರು. ಅವರ ಇಂಗ್ಲಿಷು ನನ್ನ ಕಿವಿಗೆ ಯಾಕೋ ನಮ್ಮ ಸೋದರಮಾವನ ಏಕವಚನದ ಕನ್ನಡವಾಗಿಯೇ ಕೇಳಿಸುತ್ತದೆ. ಗ್ಯಾಪಿನ ತುದಿಯಲ್ಲಿ ಪೇಪರ್ ಕೊಡುವುದು ಅವರ ಕೆಲಸ. ಹೌದು, ದಿನಪತ್ರಿಕೆ. ಏರು ಹತ್ತುವಾಗ ಸೈಕಲ್ಲಿನವರ ಮೈ ಬೆವರಿನಿಂದ ತೊಯ್ದಿರುತ್ತದೆ. ಗೆರೆ ದಾಟಿದ ಕೂಡಲೇ ಇಳಿಜಾರು, ಗಂಟೆಗೆ ಎಪ್ಪತ್ತು ಕಿಲೋಮೀಟರ್ ವೇಗ, ಎದೆಯ ಮೇಲೆ ಐಸಿನಂಥ ಗಾಳಿ. ಅದಕ್ಕೇ ತುದಿಯಲ್ಲಿ ಯಾರೋ ಒಬ್ಬರು ಮಡಿಸಿದ ಪೇಪರ್ ಚಾಚಿ ನಿಲ್ಲುತ್ತಾರೆ. ಸವಾರರು ಹೋಗುತ್ತಲೇ ಅದನ್ನು ಕಿತ್ತುಕೊಂಡು ಅಂಗಿಯೊಳಗೆ ತುರುಕಿಕೊಳ್ಳುತ್ತಾರೆ. ಈಗಿನವರು ಅದಕ್ಕೆಂದೇ ಹಗುರವಾದ ಜಾಕೆಟ್ ಇಟ್ಟುಕೊಂಡಿರುತ್ತಾರೆ. ಡೆಕ್ಲನ್ ಕಣ್ಣಿಗೆ ಜಾಕೆಟ್ ಹಾಕಿದವರೆಲ್ಲ ಸೋಮಾರಿಗಳು.

ಇದನ್ನು ಕೇಳಿದಾಗ ನನ್ನ ಮೈ ಜುಮ್ಮೆಂದಿತು. ಯಾಕೆಂದರೆ ನಮ್ಮಪ್ಪ ಡಿಸೆಂಬರಿನಲ್ಲಿ ಸ್ಕೂಟರ್ ಹತ್ತುವ ಮುಂಚೆ ಅಂಗಿಗೂ ಸ್ವೆಟರಿಗೂ ನಡುವೆ ನಿನ್ನೆಯ ಪೇಪರ್ ಇಟ್ಟುಕೊಳ್ಳುತ್ತಿದ್ದರು. ಆಫೀಸು ಮುಟ್ಟಿದ ಮೇಲೆ ಅದೇ ಪೇಪರನ್ನು ತೆಗೆದು, ಬಿಸಿ ಬಿಸಿಯಾಗಿ ಪದಬಂಧ ತುಂಬುತ್ತಿದ್ದರಂತೆ. "ಡೆಕ್ಲನ್, ಇದು ನಮ್ಮನೆ ವಿದ್ಯೆ. ನಾನೂ ನಿಲ್ಲುತ್ತೇನೆ" ಎಂದೆ.

ಅವರು ನನ್ನನ್ನು ರಸ್ತೆಯ ಎಡಬದಿಯ ಹುಲ್ಲಿನ ಮೇಲೆ ನಿಲ್ಲಿಸಿ ಪಾಠ ಮಾಡಿದರು. "ಬರೋರ ಕಡೆ ಮುಖ ಮಾಡು. ರಸ್ತೆ ಯಾವ ಕಡೆ ಬಂತು?"

"ಎಡಕ್ಕೆ."

"ಹಾಗಾದ್ರೆ ಎಡಗೈ ಚಾಚು. ಸಡಿಲ ಹಿಡಿ. ಅವರು ತಗೋತಾರೆ, ನೀನು ಕೊಡಬೇಡ. ಇನ್ನೊಂದು ಮಾತು, ಮುಖ್ಯವಾದ್ದು: ಕಾಲು ಅಲ್ಲಾಡಬಾರದು. ನೀನು ಕಂಬ. ಕಂಬ ನಡೆಯುತ್ತಾ?"

"ಇಲ್ಲ."

"ಗ್ರ್ಯಾಂಡ್."

ಕಾಲಿನ ಬಗ್ಗೆ ನನಗೇನೂ ಅನ್ನಿಸಲಿಲ್ಲ. ಎಡಗೈ ಎಂದಾಗ ಮಾತ್ರ ತುಮಕೂರಿನ ಬಾಗಿಲಲ್ಲಿ ಯಾರೋ ಕೆಮ್ಮಿದಂತಾಯಿತು.

ಆ ಮೇ ತಿಂಗಳ ಭಾನುವಾರ, ಮೇಧಾ ಇದ್ದ ಹುಡುಗಿಯರ ರೇಸಿನ ದಿನ, ಬೆಳಿಗ್ಗೆ ಮೋಡ ಗ್ಯಾಪಿನ ಮೇಲೆ ಕೂತಿತ್ತು. ನಲವತ್ತಡಿ ಆಚೆಗೆ ಕುರಿಗಳು ಬೆನ್ನ ಮೇಲಿನ ನೀಲಿ ಬಣ್ಣದ ಗುರುತಿನಿಂದಷ್ಟೇ ಕಾಣುತ್ತಿದ್ದವು. ಡೆಕ್ಲನ್ ಕೈಯಲ್ಲಿ ಅವರ ಊರಿನ ಪೇಪರ್‌ಗಳು. ನನ್ನ ಚೀಲದಲ್ಲಿ ಅವರು ಕೊಟ್ಟದ್ದರ ಜೊತೆಗೆ, ಯಾರಿಗೂ ಹೇಳದೆ, ಒಂದು ಕನ್ನಡ ಪೇಪರೂ ಇತ್ತು. ಅಮ್ಮ ತುಮಕೂರಿನಿಂದ ಕಳಿಸಿದ ಚಟ್ನಿಪುಡಿ ಸುತ್ತಿ ಬಂದದ್ದು. ಅದು ಮೇಧಾಳಿಗೆ. ಇಂಗಿನ ವಾಸನೆ ಸ್ವಲ್ಪ ಇತ್ತು, ಆದರೆ ದಪ್ಪ ಪೇಪರು, ಎದೆಗೆ ಶೀತ ಹತ್ತುವುದಿಲ್ಲ.

ರೇಸಿನ ಮುಂದೆ ಓಡುವ ಕಾರು ಹಾರ್ನ್ ಮಾಡುತ್ತಾ ದಾಟಿತು. ಹಿಂದೆಯೇ ಮೋಡದೊಳಗಿಂದ ಉಸಿರಿನ ಸದ್ದು ಮೊದಲು, ಸೈಕಲ್ಲುಗಳು ಆಮೇಲೆ ಬಂದವು. ಮೊದಲನೆಯವಳಿಗೆ ಡೆಕ್ಲನ್ ಕೊಟ್ಟರು. ಎರಡನೆಯವಳು ನನ್ನಿಂದ ತಗೊಂಡಳು, ಎಡಗೈಯಿಂದ ಎಡಗೈಗೆ, ಹಕ್ಕಿ ಕಾಳು ಎತ್ತಿಕೊಂಡಷ್ಟು ಸಲೀಸು. ಮೂರನೆಯವಳು, ನಾಲ್ಕನೆಯವಳು. ನನ್ನ ಎಡಗೈಗೆ ನಲವತ್ತು ವರ್ಷಗಳ ಮೇಲೆ ಕೆಲಸ ಸಿಕ್ಕಿತ್ತು, ಅದು ಬಹಳ ಚೆನ್ನಾಗಿ ಮಾಡುತ್ತಿತ್ತು. ಆಗ ಇಬ್ಬರು ಜೊತೆಜೊತೆಯಾಗಿ ಬಂದರು. ನನ್ನ ಕಡೆಯ ಹಸಿರು ಹೆಲ್ಮೆಟ್ಟು ಮೇಧಾ.

ಕನ್ನಡ ಪೇಪರ್ ತೆಗೆದೆ. ಎಡಗೈಯಲ್ಲಿ ಹಿಡಿದೆ. ಮಗಳ ಮುಖ ಕಂಡಿತು, ಕೆಂಪಗೆ, ಬಾಯಿ ತೆರೆದು, ಬೆಟ್ಟ ಹತ್ತಿ ಬಂದ ಮಗು. ಇಷ್ಟು ಕಷ್ಟಪಟ್ಟು ಬಂದ ಮಗುವಿಗೆ ಎಡಗೈಯಲ್ಲಿ ಕೊಡುವುದೇ?

ಇದನ್ನು ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ನಿಲ್ಲುತ್ತಿದ್ದೆ. ಪೇಪರ್ ತನ್ನಷ್ಟಕ್ಕೆ ಬಲಗೈಗೆ ಬಂತು. ಬಲಗೈ ರಸ್ತೆಯ ಕಡೆ ಹೋಗಬೇಕಾದರೆ ಮೈ ತಿರುಗಬೇಕು, ಮೈ ತಿರುಗಿದರೆ ಬಲಗಾಲು ಮುಂದೆ ಬರಬೇಕು. ಬಂತು. ಕಂಬ ನಡೆಯಿತು.

ಮೇಧಾಳ ಚಕ್ರ ನನ್ನ ಷೂವಿನಿಂದ ಒಂದು ಗೇಣು ದೂರದಲ್ಲಿ ಹಾದದ್ದು ಗೊತ್ತಾಯಿತು. ಸೈಕಲ್ ಹಾವಿನಂತೆ ಬಳುಕಿತು. ಪಕ್ಕದ ಹುಡುಗಿ ಕಿರುಚಿ ಬ್ರೇಕ್ ಹಿಡಿದಳು. ಮೇಧಾ ರಸ್ತೆಯ ನಡುಗೆರೆ ದಾಟಿ ಆಚೆ ಬದಿಗೆ ಹೋದಳು, ಒಂದೇ ಕೈ ಹ್ಯಾಂಡಲ್ಲಿನ ಮೇಲೆ. ಎದುರಿಗೆ ಕಾರ್ ಪಾರ್ಕಿನ ಬಾಯಿ. ರೇಸು ನೋಡಲೆಂದು ಬಂದ ಒಂದು ದೊಡ್ಡ ವ್ಯಾನು ಅಲ್ಲಿಂದ ಮೂತಿ ಹೊರಗೆ ಹಾಕಿ ನಿಂತಿತ್ತು. ವ್ಯಾನಿನ ಬಂಪರು, ನನ್ನ ಮಗಳ ಮೊಣಕಾಲು. ಇವೆರಡರ ನಡುವೆ ಎಷ್ಟು ಜಾಗವಿತ್ತು ಎಂದು ಈಗಲೂ ಒಂದೊಂದು ದಿನ ಒಂದೊಂದು ಅಳತೆ ಹೊಳೆಯುತ್ತದೆ. ಚಟ್ನಿಪುಡಿ ಸುತ್ತುವಷ್ಟು ಪೇಪರ್ ತೂರುತ್ತಿತ್ತು, ಅದಕ್ಕಿಂತ ಹೆಚ್ಚೇನಿಲ್ಲ. ಅವಳು ದಾಟಿದಳು. ಇನ್ನೂ ಬಳುಕುತ್ತಲೇ ಇಳಿಜಾರಿನ ಮೊದಲ ತಿರುವಿನಲ್ಲಿ ಮೋಡದೊಳಗೆ ಹೋಗಿಬಿಟ್ಟಳು.

ಆಮೇಲೆ ಏನೂ ಕಾಣಲಿಲ್ಲ. ಏನೂ ಕೇಳಿಸಲೂ ಇಲ್ಲ.

ಡೆಕ್ಲನ್ ಉಳಿದ ಇಪ್ಪತ್ತು ಜನಕ್ಕೂ ಪೇಪರ್ ಕೊಟ್ಟರು. ನಾನು ಹುಲ್ಲಿನ ಮೇಲೆ ಕೂತಿದ್ದೆ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ರೇಸಿನ ರೇಡಿಯೋ ಇದ್ದದ್ದು ಮುಂದಿನ ಕಾರಿನಲ್ಲಿ ಮತ್ತು ಹಿಂದಿನ ಆಂಬುಲೆನ್ಸಿನಲ್ಲಿ. ಕೊನೆಗೆ ಆಂಬುಲೆನ್ಸ್ ಬಂತು, ಎಲ್ಲ ರೇಸಿನ ಹಿಂದೆಯೂ ಬರುವಂಥದ್ದೇ. ಡ್ರೈವರ್ ಬಾಳೆಹಣ್ಣು ತಿನ್ನುತ್ತಿದ್ದ. ಅಷ್ಟು ಸಮಾಧಾನ ನನಗೆ ಅದಕ್ಕಿಂತ ಮೊದಲು ಯಾವ ಬಾಳೆಹಣ್ಣಿನಿಂದಲೂ ಸಿಕ್ಕಿಲ್ಲ.

ಡೆಕ್ಲನ್ ತಮ್ಮ ವ್ಯಾನಿನ ಬಾಗಿಲು ತೆರೆದರು. "ಹತ್ತು. ಕೆಳಗೆ ಹೋಗಿ ನೋಡೋಣ."

"ಬಿದ್ದಿದ್ದರೆ?"

"ಬಿದ್ದಿದ್ದರೆ ಆ ಡ್ರೈವರಿಗೆ ರೇಡಿಯೋದಲ್ಲಿ ಹೇಳಿರೋರು, ಬಾಳೆಹಣ್ಣು ತಿಂತಾ ಹೋಗ್ತಿರಲಿಲ್ಲ. ಹತ್ತು, ಸುಮಾ." ಫ್ಲಾಸ್ಕಿನ ಟೀ ಕೊಟ್ಟರು. ಸಕ್ಕರೆ ನಾಲ್ಕು ಚಮಚ ಹಾಕಿದ್ದರು. ನಾನು ಕಪ್ಪನ್ನು ಯಾವ ಕೈಯಲ್ಲಿ ಇಸಕೊಂಡೆ ಎಂದು ನೆನಪಿಲ್ಲ. ಅವತ್ತು ನನ್ನ ಜೀವನದಲ್ಲಿ ಮೊದಲ ಬಾರಿಗೆ ಅದನ್ನು ಗಮನಿಸಲಿಲ್ಲ.

ಆ ಇಳಿಜಾರು ಬಹಳ ಚೆಂದದ್ದು ಎನ್ನುತ್ತಾರೆ. ನಾನು ನೋಡಿದ್ದು ಬದಿಯ ಚರಂಡಿ ಮಾತ್ರ. ಪ್ರತಿ ತಿರುವಿನಲ್ಲೂ ಹಳದಿ ಹೂವಿನ ಮುಳ್ಳುಪೊದೆ ಬಂದಾಗ ಅದರೊಳಗೆ ಹಸಿರು ಹೆಲ್ಮೆಟ್ಟು ಹುಡುಕಿದೆ. ಐರ್ಲೆಂಡ್ ಇಷ್ಟು ಹಸಿರಾಗಿರುವುದು ಅವತ್ತು ನನಗೆ ದೊಡ್ಡ ಅಡ್ಡಿಯಾಯಿತು. ಒಂದು ಕಡೆ "ನಿಲ್ಸಿ ನಿಲ್ಸಿ!" ಎಂದು ಕನ್ನಡದಲ್ಲೇ ಕೂಗಿಬಿಟ್ಟೆ. ಡೆಕ್ಲನ್ ನಿಲ್ಲಿಸಿಯೂ ಬಿಟ್ಟರು. ಅದು ಯಾರೋ ಎಸೆದ ಪ್ಲಾಸ್ಟಿಕ್ ಚೀಲ.

ರೇಸು ಮುಗಿಯುವುದು ಕೆಳಗಿನ ಊರಿನಲ್ಲಿ, ಸಮುದಾಯ ಭವನದ ಎದುರು. ಅಲ್ಲಿ ಮೇಧಾ ಗೋಡೆಗೆ ಒರಗಿ ನಿಂತು ಎರಡೂ ಕೆನ್ನೆ ಉಬ್ಬುವಂತೆ ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು. ನಾನು ಓಡಿ ಹೋಗಿ ತಬ್ಬಿಕೊಂಡೆ. ಎದೆಯ ಹತ್ತಿರ ಏನೋ ಚರಚರ ಎಂದಿತು. ಅಂಗಿಯೊಳಗೆ ಪೇಪರ್! ಇಂಗಿನ ವಾಸನೆ.

"ತಗೊಂಡ್ಯಾ? ಯಾವಾಗ್ ತಗೊಂಡೆ?"

"ನೀನು ಕೊಟ್ಟೆ, ನಾನು ತಗೊಂಡೆ. ಅಮ್ಮಾ, ಯು ವಾಕ್ಡ್ ಇನ್‌ಟು ದ ರೇಸ್! ಯಾರಾದ್ರೂ ಹಾಗ್ ಮಾಡ್ತಾರಾ?" ಇಲ್ಲಿ ಸ್ವಲ್ಪ ಭಾಗ ಬಿಟ್ಟಿದ್ದೇನೆ.

"ತಪ್ಪಾಯ್ತು ಪುಟ್ಟಾ. ಎಡಗೈಲಿ ಕೊಡೋಕೆ ಮನಸ್ಸು ಬರ್ಲಿಲ್ಲ. ನಿನಗೆ ಅಂತ…"

ಮೇಧಾ ಅಗಿಯುವುದನ್ನು ನಿಲ್ಲಿಸಿದಳು. ಡೆಕ್ಲನ್ ಕಡೆ ನೋಡಿದಳು, ಆಮೇಲೆ ತನ್ನ ಕೈ ನೋಡಿಕೊಂಡಳು. ಧ್ವನಿ ಇಳಿಯಿತು. "ನಾನೂ ರೈಟ್ ಹ್ಯಾಂಡಲ್ಲಿ ತಗೊಂಡೆ."

"ಏನು?"

"ಎಲ್ಲರ ಹತ್ರ ಲೆಫ್ಟಲ್ಲಿ ತಗೋತೀನಿ. ಅದೇ ಈಸಿ. ನೀನು ಅಂತ ಗೊತ್ತಾಯ್ತಲ್ಲ, ರೈಟ್ ಹ್ಯಾಂಡ್ ತಾನಾಗೇ ಬಿಟ್ಟು ಹೋಯ್ತು, ಅಡ್ಡಕ್ಕೆ. ಅದಕ್ಕೇ ಸೈಕಲ್ ವಾಬಲ್ ಆಗಿದ್ದು."

ಡೆಕ್ಲನ್‌ಗೆ ಇದನ್ನು ಇಂಗ್ಲಿಷಿನಲ್ಲಿ ವಿವರಿಸಬೇಕಾಯಿತು. ಅಜ್ಜಿಯಿಂದ ಶುರು ಮಾಡಿದೆ. ಅವರು ಪೂರ್ತಿ ಕೇಳಿದರು, ಟೋಪಿ ತೆಗೆದು ತಲೆ ಕೆರೆದುಕೊಂಡರು. "ಐವತ್ತು ವರ್ಷದಿಂದ ರೇಸು ನೋಡ್ತಿದ್ದೀನಿ. ಮಳೆಯಿಂದ ಬಿದ್ದಿದ್ದು ನೋಡಿದ್ದೀನಿ, ಕುರಿಯಿಂದ ಬಿದ್ದಿದ್ದು ನೋಡಿದ್ದೀನಿ. ಮರ್ಯಾದೆಯಿಂದ ಬೀಳೋಕೆ ಹೋಗಿದ್ದು ಇದೇ ಮೊದಲು" ಎಂದರು. ಮೇಧಾ ನಕ್ಕಳು. ನಾನು ಆಗ ಅತ್ತೆ, ತಡವಾಗಿ, ಸಮುದಾಯ ಭವನದವರು ಕೊಟ್ಟ ಸ್ಕೋನ್ ಬನ್ನು ಕೈಯಲ್ಲಿ ಹಿಡಿದುಕೊಂಡೇ.

ಮನೆಗೆ ಬಂದು ಸ್ನಾನಕ್ಕೆ ಹೋದವಳು ಒಳಗಿಂದಲೇ ಕೂಗಿದಳು. ಬೆವರಿಗೆ ಪೇಪರಿನ ಅಕ್ಷರಗಳೆಲ್ಲ ಅವಳ ಕೊರಳ ಕೆಳಗೆ ಅಚ್ಚಾಗಿದ್ದವು, ತಿರುಗುಮುರುಗಾಗಿ. ಕನ್ನಡಿಯ ಮುಂದೆ ನಿಲ್ಲಿಸಿ ಓದಿ ಹೇಳಿದೆ: "ಬೋರ್‌ವೆಲ್ ಕೊರೆಯಲಾಗುವುದು. ಕೂಡಲೇ ಸಂಪರ್ಕಿಸಿ." ತುಮಕೂರಿನ ಜಾಹೀರಾತೊಂದು ಹೀಗೆ ವಿಕ್ಲೋ ಗ್ಯಾಪ್ ದಾಟಿತು.

ನಮ್ಮವರಿಗೆ ದೂರದ ಲೆಟರ್‌ಕೆನ್ನಿಯಲ್ಲಿ ಕೆಲಸ, ವಾರದ ಕೊನೆಗೆ ಬರುವುದೂ ಉಂಟು, ಬಾರದಿರುವುದೂ ಉಂಟು. ಫೋನಿನಲ್ಲಿ ಎಲ್ಲ ಹೇಳಿದೆ. ಮಗಳಿಗೆ ಪೆಟ್ಟಾಗಿಲ್ಲ ತಾನೇ ಎಂದು ಎರಡು ಸಲ ಕೇಳಿದರು. ಆಮೇಲೆ, "ಇನ್ಮೇಲೆ ನೀನು ಅಲ್ಲಿ ನಿಂತ್ಕೋಬೇಡ ಕಣೆ" ಎಂದರು.

"ನಾನೂ ಅದೇ ಅಂದ್ಕೊಂಡಿದ್ದೀನಿ ರೀ."

ಸೋಫಾದ ಮೇಲಿಂದ ಮೇಧಾ, "ಇಲ್ಲ. ಅಮ್ಮ ನಿಂತ್ಕೋತಾಳೆ. ಅಭ್ಯಾಸ ಮಾಡ್ಲಿ" ಎಂದಳು. ಅಷ್ಟೂ ಕನ್ನಡದಲ್ಲಿ.

ಹೀಗೆ ಜೂನಿನಿಂದ ನಮ್ಮ ಮನೆಯ ಓಣಿಯಂಥ ಹಜಾರದಲ್ಲಿ ನನ್ನ ಎರಡನೆಯ ವಿದ್ಯಾಭ್ಯಾಸ ನಡೆಯಿತು. ನಾನು ಚಪ್ಪಲಿ ಸ್ಟ್ಯಾಂಡಿನ ಪಕ್ಕ ನಿಲ್ಲಬೇಕು, ಎಡಗೈಯಲ್ಲಿ ಪೇಪರ್. ಮೇಧಾ ಅಡುಗೆಮನೆ ಕಡೆಯಿಂದ ಓಡಿ ಬರುತ್ತಾಳೆ, ಎಡಗೈಯಲ್ಲಿ ಕಿತ್ತುಕೊಂಡು ಹೋಗುತ್ತಾಳೆ. ಮೊದಲ ವಾರ ನನ್ನ ಕಾಲಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದಳು. ಕೆಲವು ಸಲ ಅವಳ ಬಲಗೈಯೇ ಮುಂದೆ ಬರುತ್ತಿತ್ತು, ಆಗ "ಯಾವ ಕೈಲೇ?" ಎಂದು ನಾನು ಗದರುತ್ತಿದ್ದೆ, ಗದರಿ ನನಗೇ ಬೆಚ್ಚಿಬೀಳುವಂತಾಗುತ್ತಿತ್ತು. ಧ್ವನಿ ಅಜ್ಜಿಯದೇ. ಕೈ ಮಾತ್ರ ಬೇರೆ. ಪಕ್ಕದ ಮನೆಯವರು ಗಾಜಿನ ಬಾಗಿಲಿನಿಂದ ನೋಡಿ ಇದೇನೋ ಹಿಂದೂ ಹಬ್ಬ ಇರಬೇಕು ಎಂದುಕೊಂಡು ಸಂಜೆ ಬಂದು ಹಬ್ಬದ ಶುಭಾಶಯ ಹೇಳಿಹೋದರು. ನಾನು ಥ್ಯಾಂಕ್ಸ್ ಹೇಳಿ ಕಳಿಸಿದೆ.

ಸೆಪ್ಟೆಂಬರಿನಲ್ಲಿ ಮತ್ತೆ ಗ್ಯಾಪು. ಈ ಸಲ ಆಕಾಶ ತಿಳಿಯಾಗಿತ್ತು, ಗಾಳಿ ಮಾತ್ರ ನನ್ನ ಕೋಟಿನ ಹಳೆಯ ಗುಂಡಿಯನ್ನು ಮರೆತಿರಲಿಲ್ಲ. ಕಾರ್ ಪಾರ್ಕಿನ ಬಾಯಿಗೆ ಡೆಕ್ಲನ್ ತಮ್ಮ ವ್ಯಾನನ್ನೇ ಅಡ್ಡ ನಿಲ್ಲಿಸಿದ್ದರು. ನಾನು ಹುಲ್ಲಿನ ಮೇಲೆ ನಿಂತೆ, ಬರುವವರ ಕಡೆ ಮುಖ, ಬಲಕ್ಕೆ ಒಂದು ಹೆಜ್ಜೆ ಹಿಂದೆ ಡೆಕ್ಲನ್. ಕಾಲು ನೋಡಿಕೊಂಡೆ. ಮತ್ತೊಮ್ಮೆ ನೋಡಿಕೊಂಡೆ.

ಹಸಿರು ಹೆಲ್ಮೆಟ್ಟು ಈ ಸಲ ಮೂರನೆಯದಾಗಿ ಬಂತು. ಅದೇ ಕೆಂಪು ಮುಖ, ಅದೇ ತೆರೆದ ಬಾಯಿ. ನನ್ನ ಮೈಯಲ್ಲಿದ್ದದ್ದೆಲ್ಲ ಮುಂದಕ್ಕೆ ಹೆಜ್ಜೆ ಇಟ್ಟಿತು, ಕಾಲೊಂದನ್ನು ಬಿಟ್ಟು. ಎಡಗೈ ಚಾಚಿಯೇ ಇತ್ತು. ಅವಳು ನನ್ನ ಕಡೆ ನೋಡಲೂ ಇಲ್ಲ. ಒಂದು ಎಳೆತ, ಒಂದು ಚರಕ್. ನನ್ನ ಬೆರಳು ಖಾಲಿ. ಸೈಕಲ್ಲು ನೂಲು ಹಿಡಿದಂತೆ ನೇರ ಹೋಯಿತು. ಗೆರೆಯ ಆಚೆ ಹ್ಯಾಂಡಲ್ ಬಿಟ್ಟು ಎರಡೂ ಕೈಯಲ್ಲಿ ಪೇಪರನ್ನು ಎದೆಗೆ ತುರುಕಿಕೊಂಡಳು, ಎರಡೂ ಕೈ ಹ್ಯಾಂಡಲ್ಲಿಗೆ ವಾಪಸ್ ಬಂದವು, ತಲೆ ತಗ್ಗಿಸಿದಳು, ಇಳಿಜಾರಿನಲ್ಲಿ ಚಿಕ್ಕದಾಗುತ್ತಾ ಹೋದಳು. ಮೋಡವಿಲ್ಲದ ದಿನ, ಕೊನೆಯ ತಿರುವಿನವರೆಗೂ ಕಂಡಳು.

"ಗ್ರ್ಯಾಂಡ್ ಜಾಬ್, ಸುಮಾ," ಎಂದರು ಡೆಕ್ಲನ್ ನನ್ನ ಹಿಂದಿನಿಂದ. ಆಮೇಲೆ, "ಇನ್ನು ನನ್ನ ತೋಳು ಬಿಡಬಹುದು."

ನೋಡಿದರೆ ನನ್ನ ಬಲಗೈ ಅವರ ಕೋಟಿನ ತೋಳನ್ನು ಹಿಡಿದು ಹಿಂಡುತ್ತಿತ್ತು, ಯಾವಾಗಿನಿಂದಲೋ.

ಬಿಟ್ಟೆ. ಆದರೆ ಕೂಡಲೇ ಅಲ್ಲ. ಹಿಂದೆ ಇನ್ನೂ ಹದಿನೈದು ಜನ ಬರುವುದಿತ್ತು.